ಎಡಮಗ್ಗುಲಿನ ಗೀರುಗಳು

ಬಣ್ಣವನ್ನೆಲ್ಲ ಕಳೆದುಕೊಂಡು ನಿಂತಿದ್ದ ತನ್ನ ಕಾರನ್ನು ಅವನು ಮೊದಲಿಗೆ ಗುರುತಿಸಲೇ ಇಲ್ಲ. ಪೇಂಟಿಂಗ್ ಶೆಡ್ಡಿನ ಬಾಗಿಲಲ್ಲಿ ನಿಂತು, ಥಿನ್ನರಿನ ಘಾಟಿಗೆ ಮೂಗು ಹೊಂದಿಕೊಳ್ಳಲಿ ಎಂದು ಕಾಯುತ್ತ, ಒಳಗಿದ್ದ ಗಾಡಿಗಳ ಮೇಲೆ ಒಂದೊಂದಾಗಿ ಕಣ್ಣು ಹಾಯಿಸಿದ. ಯಾವುದೂ ತನ್ನದಲ್ಲ ಎನ್ನಿಸಿತು. ಜಜ್ಜಿದ ಗಾಡಿಗಳನ್ನು ನೋಡಿ, ಯಾರ ತಪ್ಪು, ಎಷ್ಟು ಕೊಡಬಹುದು ಎಂದು ಬರೆಯುವುದರಲ್ಲೇ ಅರ್ಧ ಆಯುಷ್ಯ ಕಳೆದ ವಿಮಾ ಕಂಪನಿಯ ಸರ್ವೇಯರ್ ತಾನು, ನಂಬರ್ ಪ್ಲೇಟು ನೋಡದೆ ಗಾಡಿಯ ವಯಸ್ಸು ಹೇಳಬಲ್ಲವನು, ಈಗ ಸ್ವಂತ ಕಾರನ್ನೇ ಹುಡುಕುತ್ತ ನಿಂತಿದ್ದೇನಲ್ಲ ಎಂದು ನಗು ಬಂತು. “ಅದೇ ಭಾವ, ಮೂಲೇಲಿರೋದು,” ಎಂದ ಹಿಂದೆ ನಿಂತಿದ್ದ ಭಾಮೈದ. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಅವನ ಬಾಯಿಂದ ಬಂದ ಮೊದಲ ಮಾತು ಅದು. ಮೂಲೆಯಲ್ಲಿದ್ದ ಗಾಡಿಗೆ ದೀಪಗಳಿರಲಿಲ್ಲ, ಬಂಪರ್ ಇರಲಿಲ್ಲ, ಗಾಜುಗಳಿಗೆಲ್ಲ ಹಳೆಯ ಪೇಪರು ಅಂಟಿಸಿದ್ದರು, ಮೈತುಂಬ ಪ್ರೈಮರಿನ ಮಂಕು ಬೂದಿಬಣ್ಣ. ಆಸ್ಪತ್ರೆಯಲ್ಲಿ ತನ್ನನ್ನೂ ಒಳಗೆ ತೆಗೆದುಕೊಂಡು ಹೋಗುವ ಮುಂಚೆ ಹೀಗೆಯೇ ವಾಚು, ಉಂಗುರ, ಕನ್ನಡಕ, ಕಟ್ಟಿಸಿಕೊಂಡ ಹಲ್ಲು ಎಲ್ಲವನ್ನೂ ಬಿಚ್ಚಿಕೊಂಡಿದ್ದರಂತೆ. ಅದಿಷ್ಟನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದವನು ಈ ಭಾಮೈದನೇ. ಹಾಗೆಂದು ಹೆಂಡತಿ ಹೇಳಿದ್ದಳು. ಅವನಾಗಿ ಏನನ್ನೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೊಂದು ಹೊಸ ಕಾಯಿಲೆ ಅಂಟಿಕೊಂಡಿತ್ತು. ಕಂಡದ್ದಕ್ಕೆಲ್ಲ ಉಪಕಾರವಾಯಿತು ಎನ್ನಬೇಕೆನ್ನಿಸುವುದು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದಲ್ಲ ಎಂದು ಒಂದು ಕ್ಷಣ ಅದರ ಕೆಳಗೆ ಕೈಹಿಡಿದು ನಿಲ್ಲುತ್ತಿದ್ದ. ಪೇಪರ್ ಹಾಕುವವನಿಗೆ ಮಹಡಿಯಿಂದ ಕೈಬೀಸುತ್ತಿದ್ದ. ಆತ ಪೇಪರ್ ತಪ್ಪಿದ್ದಕ್ಕೆ ಬೈಯಲು ಕರೆಯುತ್ತಿದ್ದಾರೆಂದೋ ಏನೋ ಸೈಕಲ್ ನಿಲ್ಲಿಸಿ ಗಾಬರಿಯಾಗಿ ನೋಡಿದ್ದ. ಇಷ್ಟು ವರ್ಷ ಪಕ್ಕೆಗೆ ತಿವಿದು ನಿಲ್ಲಿಸುತ್ತಿದ್ದ ಹೆಂಡತಿಯ ಗೊರಕೆ ಕೂಡ ಈಗ ಕೇಳಲು ಹಿತವಾಗಿತ್ತು. ಇವತ್ತು ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟ ಹೆಂಗಸಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದನೆಂದರೆ ಅವಳು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು. ಈ ಹಾಳು ಥಿನ್ನರಿನ ವಾಸನೆ ಸಹ, ನೋಡು, ಮೂಗಿನೊಳಗೆ ಹೋಗುತ್ತಿದೆ, ಹೋಗಿ ವಾಪಸು ಬರುತ್ತಿದೆ, ಸಾಕಲ್ಲ ಎನ್ನಿಸಿತು. ಆದರೆ ಯಾರಿಗೆ ಹೇಳಬೇಕೋ ಅವನ ಮುಂದೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಚಿಲ್ಲರೆಯನ್ನೆಲ್ಲ ದಾರಿಯುದ್ದಕ್ಕೂ ಹಂಚಿ, ದೊಡ್ಡ ನೋಟನ್ನು ಮಾತ್ರ ಜೇಬಿನಲ್ಲಿ ಅದುಮಿ ಹಿಡಿದುಕೊಂಡ ಜಿಪುಣನ ಹಾಗೆ ತಾನಿದ್ದೇನೆ ಎಂದು ಅವನಿಗೇ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಈ ಗಿಡ ಹಿತ್ತಿಲಲ್ಲೂ ಇರಲಿಲ್ಲ, ಮನೆಯ ಮುಂದಿನ ಕೋಣೆಯಲ್ಲೇ ಇತ್ತು, ಹೊಲಿಗೆ ಮಿಷನ್ನಿನ ಹಿಂದೆ, ಮೊಣಕಾಲಿನ ಮೇಲೆ ಯಾರದೋ ಮನೆಯ ಪರದೆ ಹರಡಿಕೊಂಡು. ಹೆಂಡತಿಯ ಒಬ್ಬನೇ ತಮ್ಮ. ಮದುವೆಯಿಲ್ಲ, ಅಂಗಡಿಯಿಲ್ಲ, ಪರದೆ ಸೋಫಾ ಕವರು ಹೊಲಿದುಕೊಂಡು ಅಕ್ಕನ ಮನೆಯಲ್ಲಿ ತಳವೂರಿದ್ದವನು. ಟಿವಿ ವಾರ್ತೆ ಕೇಳಿಸದಂತೆ ಮಾಡುವ ಮಿಷನ್ನಿನ ಸದ್ದಾಗಿ, ಪಾದಕ್ಕೆ ಚುಚ್ಚುವ ಗುಂಡುಸೂಜಿಯಾಗಿ, ಸೋಫಾದ ಸಂದಿಯಲ್ಲಿ ಸಿಗುವ ದಾರದ ತುಂಡಾಗಿ ಮಾತ್ರ ಅವನು ಭಾಮೈದನನ್ನು ಬಲ್ಲವನಾಗಿದ್ದ. ಒಮ್ಮೆ, ಯಾವುದೋ ಒಳ್ಳೆಯ ಮೂಡಿನಲ್ಲಿ, ಕಾರು ಕಲಿಸುತ್ತೇನೆ ಬಾ ಎಂದು ಕರೆದುಕೊಂಡು ಹೋಗಿ, ಮೂರನೇ ದಿನಕ್ಕೇ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಮಾಡಿಕೊಂಡು ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದಾಗ, “ಈ ಜನ್ಮದಲ್ಲಿ ನಿನಗೆ ಬರಲ್ಲ, ಇಳಿಯಯ್ಯ ಕೆಳಗೆ,” ಎಂದು ನಡುರಸ್ತೆಯಲ್ಲಿ ಇಳಿಸಿದ್ದ. ಭಾಮೈದ ಕೋಪಿಸಿಕೊಳ್ಳದೆ ಇಳಿದು, ನಡೆದೇ ಮನೆಗೆ ಬಂದು, ಮಿಷನ್ನಿನ ಮುಂದೆ ಕೂತಿದ್ದ. ಅಂಥವನು ಅವತ್ತು, ಅಕ್ಕ ಕೆಲಸಕ್ಕೆ ಹೋಗಿದ್ದಾಗ, ಭಾವ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ ಸದ್ದು ಕೇಳಿ ಓಡಿ ಬಂದು, ಆಂಬುಲೆನ್ಸಿನವರು ಇನ್ನೂ ಅರ್ಧ ಗಂಟೆ ಆಗುತ್ತದೆ ಅಂದದ್ದಕ್ಕೆ ಫೋನ್ ಅಲ್ಲೇ ಬಿಸಾಕಿ, ಮೊಳೆಗೆ ನೇತುಹಾಕಿದ್ದ ಕಾರಿನ ಬೀಗದ ಕೈ ತೆಗೆದುಕೊಂಡಿದ್ದ.

“ಬನ್ನಿ ಸರ್ವೇಯರ್ ಸಾರ್!” ಶೆಡ್ಡಿನ ಹಿಂಬದಿಯಿಂದ ಪೇಂಟರ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ. “ಏನು ಸಾರ್ ಅವತ್ತಿಗಿಂತ ಇನ್ನೂ ಇಳಿದುಹೋಗಿದ್ದೀರಿ? ನೀವೂ ಟಿಂಕರಿಂಗ್ ಮಾಡಿಸ್ಕೊಂಡು ಬಂದೋರಲ್ವಾ, ಅವತ್ತು ಮನೇಲಿ ಕೇಳೋಕಾಗಲಿಲ್ಲ. ಎಲ್ಲ ಒಳಗಿಂದಾನೇ ಎತ್ತಿದ್ರಾ, ಇಲ್ಲ ಕೊಯ್ದ್ರಾ?”

“ತೊಡೆ ಸಂದಿಯಿಂದ ತಂತಿ ಬಿಟ್ಟು ಎದೆಯ ನಾಳ ಎತ್ತಿದ್ರಪ್ಪ.”

“ಹಂಗಿದ್ರೆ ಒಳ್ಳೆ ಕೆಲಸದವರು. ಮೇಲೆ ಗೀರು ಕಾಣಬಾರದು ನೋಡಿ, ಅದೇ ಕೆಲಸ.”

ಈ ಮೇಸ್ತ್ರಿಯ ಬಿಲ್ಲುಗಳನ್ನು ಅವನು ಎಷ್ಟು ಸಲ ಕತ್ತರಿಸಿದ್ದನೋ ಲೆಕ್ಕವಿಲ್ಲ. ಮೂರು ಕೋಟು ಎಂದು ಬರೆದಿದ್ದರೆ ಎರಡು, ಇಡೀ ಬಾಗಿಲು ಎಂದಿದ್ದರೆ ಅರ್ಧ ಬಾಗಿಲು. ಕೆಂಪು ಪೆನ್ನು ಹಿಡಿದಾಗ ಒಳಗೊಳಗೇ ಒಂದು ಸುಖವಿರುತ್ತಿತ್ತು, ಕಂಪನಿಯ ದುಡ್ಡು ತನ್ನಪ್ಪನ ಮನೆಯ ಗಂಟೋ ಎಂಬಂತೆ. ಕಾರು ತೆಗೆದುಕೊಂಡು ಹೋಗಲು ಮನೆಗೆ ಬಂದಿದ್ದ ದಿನ ಮೇಸ್ತ್ರಿ ಸುತ್ತ ಒಂದು ಸುತ್ತು ಹಾಕಿ, ಎಡಮಗ್ಗುಲಿನುದ್ದಕ್ಕೂ ಬಿದ್ದಿದ್ದ ಗೀರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಚ್ಚ್ ಚ್ಚ್ ಎಂದು, “ಮೂರು ಥರ ಮಾಡಬಹುದು ಸಾರ್,” ಎಂದಿದ್ದ. “ಒಂದು, ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದುಬಿಡೋದು. ವರ್ಷದೊಳಗೆ ಗುಳ್ಳೆ ಏಳುತ್ತೆ, ಅಷ್ಟರಲ್ಲಿ ನೀವು ಗಾಡಿ ಮಾರಿರಬೇಕು. ಎರಡನೇದು, ಎಡಗಡೆ ಮಾತ್ರ ಸರಿಯಾಗಿ ಮಾಡೋದು. ಆದ್ರೆ ಬಲಗಡೆ ಬಣ್ಣ ಬಿಸಿಲು ತಿಂದಿದೆ, ಒಂದು ಕಡೆಯಿಂದ ನೋಡಿದ್ರೆ ಮದುಮಗ, ಇನ್ನೊಂದು ಕಡೆಯಿಂದ ಮದುಮಗನ ತಾತ. ಮೂರನೇದು, ತಗಡು ಕಾಣೋತನಕ ಇಡೀ ಮೈ ಉಜ್ಜಿ, ಮೊದಲಿಂದ.” ಮೂರನೆಯದರ ರೇಟು ಎರಡೂವರೆ ತಿಂಗಳ ಸಂಬಳದಷ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತು, “ಇನ್ನೊಂದು ಸಲ ಎದೆ ಹಿಡ್ಕೊಳ್ಳುತ್ತೆ ನಿಮಗೆ, ಸುಮ್ಮನೆ ಒಳಗೆ ಬನ್ನಿ,” ಎಂದಳು. ವಿಮೆಯಿಂದ ಒಂದು ಬಿಡಿಗಾಸೂ ಹುಟ್ಟುವಂತಿರಲಿಲ್ಲ, ಓಡಿಸಿದವನಿಗೆ ಲೈಸೆನ್ಸಿರಲಿಲ್ಲ. ನೀವೇ ಓಡಿಸ್ತಿದ್ರಿ ಅಂತ ಬರೆದುಬಿಡಿ ಎಂದು ಅವಳು ಹೇಳಿದ್ದಕ್ಕೆ, “ಎದೆ ನಿಂತುಹೋದವನು ಸ್ಟೇರಿಂಗ್ ಹಿಡಿದಿದ್ದೆ ಅಂತ ಬರೀಲೇನೇ?” ಎಂದು ರೇಗಿದ್ದ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, ಚೌಕಾಸಿ ಮಾಡದೆ, ಮೂರನೆಯದನ್ನೇ ಮಾಡಿ ಎಂದ. ಮೇಸ್ತ್ರಿಗೆ ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಹೇಳಿದವನಿಗಾದರೂ ಯಾಕೆ ಹಾಗೆಂದೆ ಎಂಬುದು ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು. ಒಂದು ಗೀರೂ ಉಳಿಯದ ಹಾಗೆ ತೆಗೆಸಿಬಿಟ್ಟರೆ ಆ ಗೀರುಗಳ ಮುಂದೆ ನಿಂತು ತಾನು ಆಡಿದ ಮಾತೂ ಅವುಗಳ ಜೊತೆಗೇ ಹೋಗುತ್ತದೆ ಎಂದು ಆಸೆಪಟ್ಟಿದ್ದ. ಅದಕ್ಕೆ ಎರಡೂವರೆ ತಿಂಗಳ ಸಂಬಳ ಹೆಚ್ಚಲ್ಲ ಎನ್ನಿಸಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಆಡಿದ ಮಾತು ಅದು. ಟ್ಯಾಕ್ಸಿ ಗೇಟಿನ ಮುಂದೆ ನಿಂತಾಗ ಅಕ್ಕಪಕ್ಕದವರು ನೋಡಲು ಬಂದಿದ್ದರು. ಹೆಂಡತಿಯ ಹೆಗಲು ಹಿಡಿದು ಇಳಿದರೆ ಎದುರಿಗೇ ಕಾರು, ಎಡಮಗ್ಗುಲು ಪೂರ್ತಿ ಕಿತ್ತುಹೋಗಿತ್ತು. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ನರ್ಸುಗಳು ಅಜ್ಜಾ ಎಂದು ಕರೆದಿದ್ದರು, ಕೈಹಿಡಿದು ಕಕ್ಕಸಿಗೆ ಕರೆದುಕೊಂಡು ಹೋಗಿದ್ದರು, ಬಾಯಿ ತೆಗೀರಿ ಎಂದರೆ ತೆಗೆದಿದ್ದ. ಕಾರು ಕಂಡದ್ದೇ ಒಳಗಿನಿಂದ ಆಫೀಸಿನ ದನಿ ಎದ್ದು ಬಂತು. ಎಷ್ಟು ದಿನದ ಮೇಲೆ ತನ್ನ ದನಿ ತನಗೆ ಕೇಳಿತ್ತೆಂದರೆ ಅವನಿಗೆ ಖುಷಿಯಾಗಿ ಹೆಗಲ ಮೇಲಿನ ಕೈ ಬಿಟ್ಟು ನಾಲ್ಕು ಹೆಜ್ಜೆ ತಾನೇ ನಡೆದ. ಬೆರಳು ತೋರಿಸಿ ಒಂದೊಂದನ್ನೇ ಓದಿದ. “ಇದು ಗೇಟಿನ ಕಂಬ. ಇದು ಗೋಡೆ, ಇಟ್ಟಿಗೆ ಪುಡಿ ನೋಡಿ. ಬ್ರೇಕ್ ಹಾಕಿಲ್ಲ. ಹಾಕಿದ್ರೆ ಗೀರು ಮೊದಲು ಆಳ ಇದ್ದು ಆಮೇಲೆ ತೆಳ್ಳಗಾಗುತ್ತೆ, ಇದು ಹೋಗ್ತಾ ಹೋಗ್ತಾ ಆಳ ಆಗಿದೆ. ಅಂದ್ರೆ ಗಾಡಿ ಉಜ್ಜುತ್ತಿರೋದು ಅವನಿಗೆ ಗೊತ್ತೇ ಇಲ್ಲ. ಓಡಿಸಿದವನ ಗಮನ ರಸ್ತೆ ಮೇಲಿರಲಿಲ್ಲ. ಪೂರಾ ಡ್ರೈವರ್ ತಪ್ಪು, ಕ್ಲೇಮ್ ರಿಜೆಕ್ಟ್!” ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು. ಎದುರು ಮನೆಯಾತ, “ಸಾರ್ ವಾಪಸ್ ಬಂದ್ರು ಬಿಡ್ರಪ್ಪಾ,” ಎಂದ. ಅವನೂ ನಕ್ಕ. ಹೊಟ್ಟೆತುಂಬ ನಕ್ಕು ತಿರುಗಿದರೆ ಟ್ಯಾಕ್ಸಿಯ ಡಿಕ್ಕಿಯ ಹತ್ತಿರ ಭಾಮೈದ ನಿಂತಿದ್ದ. ಕಂಕುಳಲ್ಲಿ ಆಸ್ಪತ್ರೆಯ ದಿಂಬು, ಕೈಯಲ್ಲಿ ಮಾತ್ರೆಗಳ ಚೀಲ. ಅವನೂ ನಗಲು ನೋಡಿದ, ಎಲ್ಲರೂ ನಗುತ್ತಿದ್ದರಲ್ಲ. ಆಮೇಲೆ ದಿಂಬನ್ನು ಸರಿಮಾಡಿಕೊಂಡು ಒಳಗೆ ಹೋದ. ಆ ದಿಂಬು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಅದರ ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೀರನ್ನು ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ ಎನ್ನುವುದೇ ಅವನನ್ನು ಹೆಚ್ಚು ಕುಟುಕುತ್ತಿತ್ತು. ತಪ್ಪು ಹೇಳಿದ್ದರೆ ತಪ್ಪಾಯಿತು ಎನ್ನಬಹುದಿತ್ತು.

ಅಂದಿನಿಂದ ಮಿಷನ್ನು ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಹೋಯಿತು. ಊಟಕ್ಕೆ ಭಾಮೈದ ಎಲ್ಲರದೂ ಮುಗಿದ ಮೇಲೆ ಬರತೊಡಗಿದ. ಕೇಳಿದ್ದಕ್ಕೆ ಉತ್ತರ, ಹೇಳಿದ ಕೆಲಸ, ಹೊತ್ತಿಗೆ ಸರಿಯಾಗಿ ಮಾತ್ರೆ ಮತ್ತು ನೀರು, ಅಷ್ಟೇ. ಮುನಿಸಾದರೂ ಕಂಡಿದ್ದರೆ ಅದನ್ನು ಹಿಡಿದು ಜಗಳ ತೆಗೆಯಬಹುದಿತ್ತು. ಇದು ಮುನಿಸಾಗಿರಲಿಲ್ಲ, ಅವನು ಸುಮ್ಮನೆ ತೀರ್ಪನ್ನು ಒಪ್ಪಿಕೊಂಡಿದ್ದ. ಕಾರಿನ ಪೇಂಟಿಂಗಿಗೆ ತನ್ನದೂ ಇರಲಿ ಎಂದು ಅಕ್ಕನ ಕೈಯಲ್ಲಿ ಒಂದು ದುಡ್ಡಿನ ಕವರು ಕೊಟ್ಟಿದ್ದ. ಅವಳು ಅದನ್ನು ತಂದು ಗಂಡನ ಮುಂದಿಟ್ಟು, ಅಳುತ್ತ ಒಳಗೆ ಹೋದಳು. ಕವರು ಬೀರುವಿನಲ್ಲಿತ್ತು, ತೆಗೆದು ನೋಡಲು ಅವನಿಗೆ ಧೈರ್ಯವಾಗಲಿಲ್ಲ. ನಿನ್ನೆ ಅವಳು ತೊಳೆದ ಪಾತ್ರೆ ಒರೆಸುತ್ತ, “ಪರದೆ ಅಂಗಡಿ ಮೇಲೆ ಒಂದು ರೂಮು ಖಾಲಿ ಇದೆಯಂತೆ. ನಾಳೆ ನಾಡಿದ್ದರಲ್ಲಿ ಹೋಗ್ತಾನಂತೆ,” ಎಂದಿದ್ದಳು. “ಯಾಕಂತೆ?” ಎಂದು ಇವನು ಕೇಳಿದ. ಅವಳು ತಟ್ಟೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. “ಯಾಕೆ ಅಂತ ನನ್ನ ಕೇಳ್ತೀರಾ? ನಿಮ್ಮ ಜೀವ ಹೊತ್ಕೊಂಡು ಹೋದವನಿಗೆ ಒಂದು ಮಾತು ಒಳ್ಳೇದು ಆಡೋಕೆ ಆಗಲಿಲ್ಲ ನಿಮಗೆ. ಊರಿಗೆಲ್ಲ ಥ್ಯಾಂಕ್ಸು ಹಂಚ್ತೀರಿ.” ಇವತ್ತು ಬೆಳಿಗ್ಗೆ, ಒಬ್ಬರನ್ನೇ ಕಳಿಸಲ್ಲ ಎಂದು ತಮ್ಮನನ್ನು ಜೊತೆಮಾಡಿ ಕಳಿಸುವಾಗ ಬಾಗಿಲ ತನಕ ಬಂದು ಅದೇ ದೃಷ್ಟಿಯಿಂದ ನೋಡಿದ್ದಳು. ನಾಳೆ ಭಾಮೈದ ಗಂಟುಮೂಟೆ ಕಟ್ಟುತ್ತಾನೆ. ಹೇಳುವುದಿದ್ದರೆ ಇವತ್ತು. ಬಸ್ಸಿನಲ್ಲಿ ಹೇಳೋಣವೆಂದುಕೊಂಡ, ಜನ ಇದ್ದರು. ಇಳಿದು ನಡೆಯುವಾಗ ಹೇಳೋಣವೆಂದುಕೊಂಡ, ಏದುಸಿರು ಬಂತು. ಭಾಮೈದ ತಾನಾಗಿಯೇ ನಡಿಗೆ ನಿಧಾನ ಮಾಡಿದ, ಒಂದು ಅಂಗಡಿಯ ನೆರಳಿನಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ನಟಿಸಿದ. ಅವನು ನಿಂತದ್ದು ಚಪ್ಪಲಿಗಲ್ಲ, ತನ್ನ ಏದುಸಿರಿಗೆ ಎಂದು ಇವನಿಗೆ ಗೊತ್ತಾಯಿತು, ಗೊತ್ತಾದದ್ದು ಅವನಿಗೆ ಗೊತ್ತಾಗದಿರಲಿ ಎಂದು ಇವನು ಆಕಾಶ ನೋಡಿದ.

ಮೇಸ್ತ್ರಿ ಕಾರಿನ ಹಿಂಬಾಗಿಲು ತೆಗೆದು ಒಳಗೆ ಪ್ಲಾಸ್ಟಿಕ್ ಹೊದಿಸಿದ್ದನ್ನು ತೋರಿಸಿದ, ಸೀಟಿಗೆ ಒಂದು ಹನಿ ಬಣ್ಣ ಬೀಳಲ್ಲ ಸಾರ್ ಎಂದ. ಪ್ಲಾಸ್ಟಿಕ್ಕಿನ ಕೆಳಗೆ ಹಿಂದಿನ ಸೀಟಿಗೆ ಹೊಸ ಕವರಿತ್ತು. ಕಂದು ಬಣ್ಣದ ದಪ್ಪ ಪರದೆಬಟ್ಟೆ, ಅಂಚಿಗೆ ಎರಡೆರಡು ಹೊಲಿಗೆ. ಹಳೆಯ ಕವರು ಏನಾಯಿತೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಬಚ್ಚಲ ಬಾಗಿಲಲ್ಲಿ ಬಿದ್ದಾಗ ತೊಡೆಗಳ ನಡುವೆ ಬೆಚ್ಚಗಾದದ್ದು ಅವನಿಗೆ ನೆನಪಿತ್ತು. ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ, ಅದರ ನಡುವೆಯೂ ಅಯ್ಯೋ ಎಂಥ ನಾಚಿಕೆಗೇಡು ಎನ್ನಿಸಿದ್ದು ನೆನಪಿತ್ತು. ಆಮೇಲೆ ಬೆನ್ನಿನ ಕೆಳಗೆ ಎರಡು ತೋಳು, ಕಿವಿಯ ಹತ್ತಿರ ದಾರದ, ಸೀಮೆಸುಣ್ಣದ, ಮಿಷನ್ ಎಣ್ಣೆಯ ವಾಸನೆ. ತನಗಿಂತ ಸಣ್ಣ ಆಳು ತನ್ನನ್ನು ಹೇಗೆ ಎತ್ತಿದನೋ. ಅದಾದ ಮೇಲೆ ಏನೂ ಇಲ್ಲ. ಈ ಸೀಟನ್ನು ತೊಳೆದು, ಹಳೆಯದನ್ನು ಬಿಸಾಕಿ, ಅಳತೆ ತೆಗೆದು, ಕತ್ತರಿಸಿ, ಹೊಲಿದು, ಹಾಕಿ, ಬಾಯಿ ಮುಚ್ಚಿಕೊಂಡು ಕೂತವನಿಗೆ ತಾನು ಕ್ಲೇಮ್ ರಿಜೆಕ್ಟ್ ಎಂದಿದ್ದ. ಅವನು ಕನ್ನಡಕ ತೆಗೆದು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಥಿನ್ನರ್ ಕಣ್ಣಿಗೆ ಹೊಡೀತಾ ಇದೆ ಮೇಸ್ತ್ರಿ ಎಂದ.

ಈ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಬಣ್ಣ ಹಾಕುವ ಮುಂಚೆ ಗಾಡಿಯ ಯಜಮಾನನೇ ಬಂದು, ಅಂಗೈ ಕೆಳಗೆ ತೆಳ್ಳನೆಯ ಬಟ್ಟೆಯಿಟ್ಟು, ಕಣ್ಣುಮುಚ್ಚಿ, ಇಡೀ ಮೈಯನ್ನು ಸವರಬೇಕು. ಪ್ರೈಮರಿನ ಮೇಲೆ ಕಣ್ಣು ಮೋಸಹೋಗುತ್ತದೆ, ಬರಿಗೈ ಜಾರುತ್ತದೆ, ಬಟ್ಟೆ ಇದ್ದರೆ ಕೂದಲೆಳೆಯಷ್ಟು ಉಬ್ಬುತಗ್ಗೂ ಬೆರಳಿಗೆ ಸಿಗುತ್ತದೆ. ಸಿಕ್ಕರೆ ಮೇಸ್ತ್ರಿ ಮತ್ತೆ ಉಜ್ಜುತ್ತಾನೆ, ಸಿಗದಿದ್ದರೆ ಬಣ್ಣ. ಬಣ್ಣ ಬಿದ್ದಮೇಲೆ ತಕರಾರು ತೆಗೆಯುವ ಹಾಗಿಲ್ಲ. ಕಂಪನಿಯ ಗಾಡಿಗಳಿಗೆ ಇದೆಲ್ಲ ಇರಲಿಲ್ಲ. “ನೀವು ಬಿಲ್ಲಲ್ಲಿ ಒಂದು ಕೋಟು ಹೊಡೆದು ಹಾಕ್ತಿದ್ರಿ, ನಾನೂ ಒಂದು ಕೋಟು ಹೊಡೀತಿರಲಿಲ್ಲ. ಲೆಕ್ಕ ಸರಿಹೋಯ್ತಲ್ಲ ಸಾರ್,” ಎಂದು ಮೇಸ್ತ್ರಿ ಹಲ್ಲುಕಿಸಿದು ಮಲ್ಲಿನ ತುಂಡೊಂದನ್ನು ಚಾಚಿದ. ಅವನಿಗೆ ನಗು ಬಂತು. ಮೋಸಹೋದದ್ದಕ್ಕೂ ನಗು ಬರುವಷ್ಟು ಪ್ರಪಂಚ ಒಳ್ಳೆಯದಾಗಿತ್ತು. ಬಟ್ಟೆ ತೆಗೆದುಕೊಂಡು ಬಲಮಗ್ಗುಲಿನಿಂದ ಶುರುಮಾಡಿದ, ಕಣ್ಣುಮುಚ್ಚಿ, ಡಿಕ್ಕಿಯ ಮೇಲೆ, ಟಾಪಿನ ಮೇಲೆ. ಎಲ್ಲೂ ಕೈ ತಡೆಯಲಿಲ್ಲ. ಎಂಥ ಕೆಲಸ! ದುಡ್ಡು ಹೆಚ್ಚೆಂದು ಅನ್ನಿಸಲೇ ಇಲ್ಲ. ಹಾಗೇ ಸುತ್ತಿ ಎಡಗಡೆಗೆ ಬಂದವನು ಮುಂಚಕ್ರದ ಹತ್ತಿರ ನಿಂತುಬಿಟ್ಟ. ಇಲ್ಲಿ ಕೈಯಿಟ್ಟರೆ ತನ್ನ ಬೆರಳು ಮತ್ತೆ ತಪ್ಪು ಹುಡುಕುತ್ತದೆ, ಅದಕ್ಕೆ ಬೇರೇನೂ ಬರುವುದಿಲ್ಲ. ಕಣ್ಣುಬಿಟ್ಟು ತಿರುಗಿ ನೋಡಿದ. ಭಾಮೈದ ಕಂಬಕ್ಕೆ ಒರಗಿ, ದೂರದಲ್ಲಿ, ತನಗೆ ಸಂಬಂಧವಿಲ್ಲವೆಂಬಂತೆ ನಿಂತಿದ್ದ.

“ಬಾರೋ ಇಲ್ಲಿ. ಈ ಕಡೇದು ನೀನು ನೋಡು,” ಎಂದ.

“ನಾನಾ? ಯಜಮಾನ್ರೇ ನೋಡಬೇಕಂತಲ್ಲ ಭಾವ.”

“ಈ ಮಗ್ಗುಲಿಗೆ ನೀನೇ ಯಜಮಾನ. ಬಾ.”

ಚುಚ್ಚುಮಾತಿರಬಹುದೇ ಎಂದು ಭಾಮೈದ ಅವನ ಮುಖವನ್ನು ಹುಡುಕಿದ. ಆಮೇಲೆ ಬಂದು ಬಟ್ಟೆ ತೆಗೆದುಕೊಂಡ. ದಿನಾ ಬಟ್ಟೆಯ ಜೊತೆಗೇ ಇರುವ ಕೈ, ಅದು ತಗಡಿನ ಮೇಲೆ ಕೂತ ರೀತಿಯೇ ಬೇರೆ. ಕಣ್ಣುಮುಚ್ಚಿ ಸವರತೊಡಗಿದ. ಮುಂಚಕ್ರದ ಮೇಲೆ ಬಂದಾಗ ಕೈ ನಿಂತಿತು.

“ಉಬ್ಬು ಸಿಕ್ತಾ?” ಮೇಸ್ತ್ರಿ ಮುಂದೆ ಬಂದ.

“ಇಲ್ಲ. ನುಣ್ಣಗಿದೆ. ಇದು ಗೇಟು, ಅದಕ್ಕೆ ನಿಲ್ಲಿಸಿದೆ.” ಭಾಮೈದ ಕಣ್ಣು ತೆರೆಯಲಿಲ್ಲ. “ಇದೊಂದು ಮಾತ್ರ ನನಗೆ ಬರದೆ ಆಗಿದ್ದು ಭಾವ. ಕ್ಲಚ್ಚು ಬಿಟ್ಟೆ, ಎಗರಿಬಿಡ್ತು.” ಕೈ ಮುಂದಿನ ಬಾಗಿಲಿಗೆ ಸರಿಯಿತು. “ಇದು ಸ್ಕೂಲಿನ ಗೋಡೆ. ಅಲ್ಲಿತನಕ ನೀವು ನರಳ್ತಾ ಇದ್ರಿ. ನರಳೋದು ಕೇಳಿಸ್ಕೊಂಡೇ ಓಡಿಸ್ತಿದ್ದೆ. ಅಲ್ಲಿ ಬಂದಾಗ ಸದ್ದು ನಿಂತುಹೋಯ್ತು. ಹಿಂದೆ ತಿರುಗಿ ನೋಡಿದೆ. ಎದೆ ಏಳ್ತಾ ಇದೆಯಾ ಅಂತ.” ಕೈ ಇನ್ನೂ ಹಿಂದಕ್ಕೆ ಬಂತು. “ಇದು ಸೇತುವೆ ಕಟ್ಟೆ. ನಿಮ್ಮ ಕೈ ಸೀಟಿಂದ ಜಾರಿ ಕೆಳಗೆ ಬಿತ್ತು. ಎತ್ತಿ ಎದೆ ಮೇಲೆ ಇಡೋಣ ಅಂತ ನಾನು ಹಿಂದಕ್ಕೆ ಕೈ ಹಾಕಿದೆ. ಸಿಗಲಿಲ್ಲ. ಮತ್ತೆ ಹಾಕಿದೆ. ಆಗ ಏನೋ ಉಜ್ಜಿದ ಹಾಗೆ ಸದ್ದು ಬಂತು, ಏನು ಅಂತ ಗೊತ್ತಾಗಲಿಲ್ಲ.” ಹಿಂಚಕ್ರದ ಮೇಲೆ ಕೈ ಬಂದು ನಿಂತಿತು. “ಇದು ಆಸ್ಪತ್ರೆ ಕಂಬ. ಬಂದ್ವಿ ಭಾವ, ಬಂದ್ವಿ ಅಂತ ನಿಮ್ಮ ಕಡೆ ತಿರುಗಿ ಹೇಳ್ತಾ ಇದ್ದೆ.” ಕಣ್ಣುಬಿಟ್ಟ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಸ್ತ್ರಿಯ ಕೈಗೆ ಕೊಟ್ಟ. “ಎಲ್ಲ ಸರಿಯಾಗಿದೆ, ಎಲ್ಲೂ ತಡೀತಿಲ್ಲ. ನೀವು ಅವತ್ತು ಹೇಳಿದ್ದೂ ಸರಿಯಾಗೇ ಇತ್ತು ಭಾವ. ಗಮನ ರಸ್ತೆ ಮೇಲಿರಲಿಲ್ಲ.”

ಕಂಪ್ರೆಸರ್ ತನ್ನಷ್ಟಕ್ಕೆ ತಾನು ಹೊಡೆದುಕೊಳ್ಳುತ್ತಿತ್ತು. ಅವನು ಬೂದಿಬಣ್ಣದ ಆ ಮಗ್ಗುಲನ್ನು ನೋಡಿದ. ಈಗ ಅಲ್ಲೇನೂ ಇರಲಿಲ್ಲ, ಆದರೆ ಒಂದೊಂದು ಗೀರು ಎಲ್ಲಿ ಶುರುವಾಗಿ ಎಲ್ಲಿ ಆಳವಾಗಿತ್ತು ಎಂಬುದು ಅವನಿಗೆ ಬಾಯಿಪಾಠ. ಹೋಗ್ತಾ ಹೋಗ್ತಾ ಆಳ ಆಗಿದೆ ಎಂದು ಎಲ್ಲರೆದುರಿಗೆ ಬೆರಳು ತೋರಿಸಿದ್ದನಲ್ಲ, ಹಾಗಾದರೆ ಭಾಮೈದ ಅಷ್ಟು ಹೊತ್ತು ಹಿಂದೆಯೇ ನೋಡುತ್ತಿದ್ದ. ರಸ್ತೆ, ಗೋಡೆ, ಎದುರು ಬರುವ ಲಾರಿ, ತನ್ನ ಸ್ವಂತ ಜೀವ, ಎಲ್ಲ ಬಿಟ್ಟು ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆಯಲ್ಲಿ ಬಿದ್ದಿದ್ದ ಒಬ್ಬನ ಎದೆ ಏಳುತ್ತದೋ ಇಲ್ಲವೋ ಎಂದು ನೋಡುತ್ತಿದ್ದ. ಸಾವಿರಾರು ಗಾಡಿಗಳ ಮುಂದೆ ಕೂತು, ಯಾರು ಎಲ್ಲಿ ನೋಡುತ್ತಿದ್ದರು ಎಂದು ಬರೆದದ್ದೇ ಬರೆದದ್ದು. ಯಾಕೆ ನೋಡುತ್ತಿದ್ದರು ಎಂದು ಬರೆಯಲು ಜಾಗವೇ ಇರುತ್ತಿರಲಿಲ್ಲ, ಅವನೂ ಕೇಳಿದವನಲ್ಲ. ಅವನು ಆಸರೆಗೆಂದು ಕಾರಿನ ಕಡೆ ಕೈಚಾಚಿದ. ಭಾಮೈದ ತಟ್ಟನೆ ಬಂದು ತೋಳು ಹಿಡಿದು, “ಕೂತ್ಕೊಳ್ಳಿ ಭಾವ, ಕೂತ್ಕೊಳ್ಳಿ,” ಎಂದು ಅಲ್ಲಿದ್ದ ಖಾಲಿ ಬಣ್ಣದ ಡಬ್ಬ ಬೋರಲು ಹಾಕಿ ಕೂರಿಸಿದ. ಮೇಸ್ತ್ರಿ ಎತ್ತಲೋ ನೋಡುತ್ತ, ಕಲಸುವ ಅಗತ್ಯವಿಲ್ಲದ ಬಣ್ಣವನ್ನು ಕಡ್ಡಿಯಿಂದ ಕಲಸತೊಡಗಿದ.

“ನಾನು ಬದುಕಿದೀನಿ ಕಣೋ,” ಎಂದ ಅವನು. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ನಿನ್ನಿಂದ ಬದುಕಿದೀನಿ. ಅವತ್ತು ಆ ಜನದ ಮುಂದೆ ನಿನ್ನನ್ನ ಹಾಗೆ ಆಡಿಕೊಳ್ಳಬಾರದಿತ್ತು.”

“ಅಯ್ಯೋ ಬಿಡಿ ಭಾವ.”

“ಬಿಡಲ್ಲ. ಬಿಟ್ಟೂ ಬಿಟ್ಟೂ ಇಷ್ಟಾಗಿದೆ.” ಮೂಗು ಸೋರುತ್ತಿತ್ತು. ಕರ್ಚೀಫಿಗಾಗಿ ಜೇಬು ತಡಕಿದ. ಭಾಮೈದ ತನ್ನದನ್ನು ಕೊಟ್ಟ. ಅದರ ಅಂಚಿಗೂ ಎರಡೆರಡು ಹೊಲಿಗೆ ಇತ್ತು. ಮುಖ ಒರೆಸಿಕೊಂಡು, ಹೆಂಡತಿ ಕಂಡಿದ್ದರೆ ಏನೆನ್ನುತ್ತಿದ್ದಳೋ ಎಂದು ಯೋಚಿಸಿದ. ಐವತ್ತು ದಾಟಿದ ಗಂಡಸು, ಬಣ್ಣದ ಡಬ್ಬದ ಮೇಲೆ ಕೂತು, ಭಾಮೈದನ ಕರ್ಚೀಫಿನಲ್ಲಿ ಮೂಗು ಸೀಟಿಕೊಳ್ಳುತ್ತಿದ್ದಾನೆ. ಒಂದಿಷ್ಟೂ ಅವಮಾನವೆನ್ನಿಸಲಿಲ್ಲ. ಎದೆಯೊಳಗೆ ಡಾಕ್ಟರಿಗೂ ಕಾಣದೆ ಉಳಿದಿದ್ದ ಏನೋ ಒಂದು ಸಡಿಲವಾಗಿ, ಅಲ್ಲಿಂದ ಉಸಿರು ಸರಾಗವಾಗಿ ಓಡಾಡತೊಡಗಿತ್ತು.

ಮೇಸ್ತ್ರಿ ಇನ್ನು ತಡೆಯಲಾರದೆ, “ಹಂಗಾರೆ ಬಣ್ಣ ಹಾಕ್ಲಾ ಸಾರ್?” ಎಂದ.

“ಹಾಕಿ. ರೇಟಿನಲ್ಲಿ ಒಂದು ಬಿಡಿಗಾಸೂ ಕಡಿಮೆ ಮಾಡಬೇಡಿ.”

“ನೀವು ಕಾಲಿಗೆ ಬಿದ್ದಿದ್ರೂ ಮಾಡ್ತಿರಲಿಲ್ಲ,” ಎಂದ ಮೇಸ್ತ್ರಿ, ಮೂಗಿಗೆ ಮುಸುಕು ಕಟ್ಟಿಕೊಳ್ಳುತ್ತ. ಮೂವರೂ ನಕ್ಕರು. ಈ ಸಲ ಭಾಮೈದ ನಗಲು ನೋಡಲಿಲ್ಲ, ನಕ್ಕ.

ವಾಪಸು ಬರುವಾಗ ಬಸ್ಸು ಅರ್ಧ ಖಾಲಿಯಿತ್ತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ಭಾಮೈದ ಕಿಟಕಿಯ ಕಡೆಗೆ. ಬಟ್ಟೆಗೆಲ್ಲ ಥಿನ್ನರಿನ ವಾಸನೆ ಅಂಟಿತ್ತು. ಮುಂದಿನ ಸೀಟಿನವನು ತಿರುಗಿ ಒಮ್ಮೆ ನೋಡಿ ಮೂಗು ಮುಚ್ಚಿಕೊಂಡ. ಎರಡು ಸ್ಟಾಪು ಕಳೆದ ಮೇಲೆ ಅವನು, “ಆ ರೂಮಿಗೆ ಹೋಗಬೇಡ,” ಎಂದ. ಭಾಮೈದ ಹೊರಗೆ ನೋಡುತ್ತಲೇ, “ಮಾತು ಕೊಟ್ಟಾಗಿದೆಯಲ್ಲ ಭಾವ,” ಎಂದ. “ಕೊಟ್ಟ ಮಾತು ವಾಪಸ್ ತಗೋ. ಬೇಕಾದ್ರೆ ನಾನು ಬಂದು ಹೇಳ್ತೀನಿ.” “ಮಿಷನ್ನು ಸದ್ದು ಮಾಡುತ್ತೆ.” “ಮಾಡಲಿ.” “ವಾರ್ತೆ ಕೇಳಿಸಲ್ಲ ನಿಮಗೆ.” “ಕೇಳಿ ಏನು ಮಾಡಬೇಕು? ಅವರವರ ಕಿತ್ತಾಟ.” ಭಾಮೈದ ಬಸ್ಸಿನ ಟಿಕೇಟನ್ನು ಸಣ್ಣಗೆ ಮಡಿಸುತ್ತ, “ಅಕ್ಕನ್ನ ಒಂದು ಮಾತು ಕೇಳ್ತೀನಿ,” ಎಂದ. ಅಕ್ಕ ಏನೆನ್ನುತ್ತಾಳೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಅದರ ಬಗ್ಗೆ ಮುಂದೆ ಮಾತು ಬೇಕಾಗಲಿಲ್ಲ. ಕಾರಿನ ಬಣ್ಣ ಒಣಗುವುದಕ್ಕೆ ಎಷ್ಟು ದಿನ ಬೇಕು ಎಂದು ಭಾಮೈದ ಕೇಳಿದ. ಇವನು ಮೂರು ಕೋಟು, ಮೇಲೊಂದು ಹೊಳಪಿನ ಕೋಟು, ಆಮೇಲೆ ಶಾಖ, ಎಂದು ಆಫೀಸಿನ ದನಿಯಲ್ಲಿ ವಿವರಿಸಿದ. ಭಾಮೈದ ಬಲು ಗಮನವಿಟ್ಟು ಕೇಳಿದ, ಮಧ್ಯೆ ಎರಡು ಪ್ರಶ್ನೆಯನ್ನೂ ಹಾಕಿದ.

ಬಿಸಿಲು ತೊಡೆಯ ಮೇಲೆ ಬೀಳುತ್ತಿತ್ತು. ಮಾತಾಡುತ್ತ ಆಡುತ್ತ ಅವನಿಗೆ ಜೊಂಪು ಹತ್ತಿತು, ತಲೆ ಹಿಂದಕ್ಕೆ ವಾಲಿತು. ಎಷ್ಟು ಹೊತ್ತಾಯಿತೋ, ಬಸ್ಸು ಯಾವುದೋ ಹಳ್ಳಕ್ಕಿಳಿದು ಎದ್ದಾಗ ಎಚ್ಚರವಾಯಿತು. ಪೂರ್ತಿ ಕಣ್ಣು ತೆರೆಯದೆ, ರೆಪ್ಪೆಯ ಸಂದಿಯಿಂದ ನೋಡಿದ. ಭಾಮೈದ ಕಿಟಕಿಯಾಚೆ ನೋಡುತ್ತಿರಲಿಲ್ಲ. ಈ ಕಡೆ ತಿರುಗಿ ಕೂತು, ಮೈಯೆಲ್ಲ ಕಣ್ಣಾಗಿ, ಇವನ ಅಂಗಿಯ ಗುಂಡಿಗಳನ್ನೇ ನೋಡುತ್ತಿದ್ದ. ಅವು ಏಳುವುದನ್ನು, ಇಳಿಯುವುದನ್ನು. ಎದ್ದಿದ್ದೇನೆ ಕಣೋ ಎಂದು ಹೇಳಬೇಕೆನ್ನಿಸಿತು. ಕಣ್ಣು ಮತ್ತೆ ಮುಚ್ಚಿಕೊಂಡು, ಪಕ್ಕದವನಿಗೆ ಕೇಳಿಸಲಿ ಎಂದು, ಸ್ವಲ್ಪ ಜೋರಾಗಿಯೇ ಉಸಿರಾಡತೊಡಗಿದ.